ಎಲೆಯೊಳಗೆ ಮರವಿದೆಯೇ?

ಸೇಬಿನ ಗಿಡದ ಎಳೆಯ ಎಲೆಯೊಂದನ್ನು ಕೊಯ್ದು, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಪೋಷಕ ದ್ರವದ ಮೇಲಿಟ್ಟು, ಕೆಲವು ವಾರ ಕತ್ತಲೆಯಲ್ಲಿಯೂ ಅನಂತರ ಬೆಳಕಿನಲ್ಲಿಯೂ ಕಾಪಾಡಿದರೆ, ಆ ಎಲೆಯ ಗಾಯದ ಅಂಚಿನಲ್ಲಿ ಹಸಿರು ಗುಳ್ಳೆಗಳಂತೆ ಮೊಗ್ಗುಗಳು ಏಳುತ್ತವೆ. ಮೊಗ್ಗು ಚಿಗುರಾಗುತ್ತದೆ. ಚಿಗುರಿಗೆ ಬೇರು ಬರಿಸಿ ನೆಲಕ್ಕಿಳಿಸಿದರೆ ಅದು ಮರವಾಗಿ ಹೂವು ಬಿಟ್ಟು ಕಾಯಿ ಕಟ್ಟುತ್ತದೆ. ಇಲ್ಲಿ ಬೀಜವಿರಲಿಲ್ಲ, ಕೊಂಬೆಯಿರಲಿಲ್ಲ. ಇದ್ದುದು ಕೇವಲ ಒಂದು ಎಲೆ. ಹಾಗಾದರೆ ಆ ಮರವು ಎಲೆಯೊಳಗೆ ಮೊದಲೇ ಇತ್ತೆ? ಇಲ್ಲದಿದ್ದರೆ ಎಲ್ಲಿಂದ ಬಂದಿತು?

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ರೈತರಿಗೆ ಅಂಗಾಂಶ ಕೃಷಿಯೆಂಬ ಮಾತು ಹೊಸದಲ್ಲ. ಜಿ-9 ಬಾಳೆಯ ಸಸಿಗಳು ಪ್ರಯೋಗಶಾಲೆಯಿಂದ ಬರುತ್ತವೆಂಬುದನ್ನು ಎಲ್ಲರೂ ಬಲ್ಲರು. ದಾಳಿಂಬೆಯ ಸಸಿಗಳೂ ಈಗ ಹಾಗೆ ಬರುತ್ತಿವೆ. ಆದರೆ ಅವು ಗಿಡದ ಕುಡಿಯಿಂದಲೋ ಗೆಣ್ಣಿನ ಕಣ್ಣಿನಿಂದಲೋ ಬೆಳೆಸಿದವು. ಕಣ್ಣು ಚಿಗುರಾಗುವುದು ಅದರ ಸಹಜಧರ್ಮ. ಎಲೆಯ ಧರ್ಮವಾದರೋ ಬೇರೆ. ಬಿಸಿಲನ್ನು ಹಿಡಿದು ಅನ್ನ ಮಾಡುವುದು, ಕಾಲ ಬಂದಾಗ ಹಣ್ಣಾಗಿ ಉದುರುವುದು ಅದರ ಕೆಲಸ. ಅಂಥ ಎಲೆಯು ಮರವನ್ನೇ ಹೆರಬಲ್ಲದೆಂದಾಗ ಅದು ಸಸ್ಯವಿಜ್ಞಾನದ ಗಡಿಯನ್ನು ದಾಟಿ, ನಮ್ಮ ಪ್ರಾಚೀನ ದರ್ಶನಕಾರರು ಬಹುಕಾಲ ವಾದಿಸಿದ ಪ್ರಶ್ನೆಯೊಂದರ ಮುಂದೆ ನಮ್ಮನ್ನು ನಿಲ್ಲಿಸುತ್ತದೆ. ಆ ಪ್ರಶ್ನೆಯ ಬೆನ್ನಿಗೆ ನೀತಿಯ ಪ್ರಶ್ನೆಯೊಂದೂ ಇದೆ. ನನ್ನ ಆಸಕ್ತಿ ಹೆಚ್ಚಾಗಿ ಎರಡನೆಯದರಲ್ಲಿ.

ಸಾಂಖ್ಯರು ಸತ್ಕಾರ್ಯವಾದಿಗಳು. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ, ಆಮೇಲೆ ಪ್ರಕಟವಾಗುತ್ತದೆ ಅಷ್ಟೆ ಎಂಬುದು ಅವರ ನಿಲುವು. ಎಳ್ಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ, ಮರಳನ್ನು ಹಾಕಿದರೆ ಬರುವುದಿಲ್ಲ. ಆದುದರಿಂದ ಎಣ್ಣೆಯು ಎಳ್ಳಿನಲ್ಲಿ ಮೊದಲೇ ಇತ್ತು. ನೈಯಾಯಿಕರು ಇದನ್ನು ಒಪ್ಪರು. ಗಡಿಗೆಯು ಮಣ್ಣಿನಲ್ಲಿ ಮೊದಲೇ ಇದ್ದಿದ್ದರೆ ಕುಂಬಾರನ ಅಗತ್ಯವೇನಿತ್ತು, ಮಣ್ಣಿನ ಮುದ್ದೆಯಲ್ಲೇ ನೀರು ತರಬಹುದಿತ್ತಲ್ಲ ಎಂದು ಅವರು ಕೇಳುತ್ತಾರೆ. ಗಡಿಗೆ ಹೊಸದಾಗಿ ಹುಟ್ಟಿತು; ಮಣ್ಣು, ಚಕ್ರ, ಕುಂಬಾರನ ಕೈ ಇವೆಲ್ಲ ಕೂಡಿದ್ದರಿಂದ ಹುಟ್ಟಿತು. ಬಿ.ಎ. ತರಗತಿಯಲ್ಲಿ ಈ ವಾದವನ್ನು ಓದುವಾಗ ಇದು ಕೇವಲ ಮಾತಿನ ಕುಸ್ತಿಯೆಂದು ತೋರುವುದುಂಟು. ಎಲೆಯನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ಪಕ್ಷಗಳು ಜೀವ ತಳೆಯುತ್ತವೆ.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವ ಕಾಡುಬಸಳೆಯನ್ನೇ ತೆಗೆದುಕೊಳ್ಳಿ. ಅದರ ದಪ್ಪ ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಚೆಲ್ಲಿದರೆ ಸಾಕು, ಅಂಚಿನ ಕಚ್ಚುಗಳಿಂದ ಮರಿಗಿಡಗಳು ಏಳುತ್ತವೆ. ಆ ಕಚ್ಚುಗಳಲ್ಲಿ ಮೊಗ್ಗಿನ ಮೊದಲ ರೂಪ ಮೊದಲಿನಿಂದಲೂ ಅಡಗಿರುತ್ತದೆ. ಇಲ್ಲಿ ಗೆಲುವು ಸಾಂಖ್ಯರದು. ಸೇಬಿನ ಎಲೆಯಲ್ಲಿಯಾದರೋ ಅಂಥ ಮೊಗ್ಗು ಎಲ್ಲಿಯೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಲ್ಲಿರುವವು ಎಲೆಯ ಕೆಲಸಕ್ಕೆ ಪಳಗಿದ ಜೀವಕೋಶಗಳು. ಪ್ರತಿ ಕೋಶದ ನಡುವೆ ಇಡೀ ಮರದ ಬರಹವಿದೆ ಎಂಬುದೇನೋ ನಿಜ; ಆದರೆ ಬರಹವಿರುವುದೂ ಮರವಿರುವುದೂ ಒಂದೇ ಅಲ್ಲ. ಗ್ರಂಥಾಲಯದ ಕಪಾಟಿನಲ್ಲಿರುವ ಪುಸ್ತಕ ಓದಿದವನ ವಿದ್ಯೆಯಾಗುವುದಕ್ಕೆ ನಡುವೆ ಬಹಳಷ್ಟು ನಡೆಯಬೇಕು.

ಈ ‘ನಡುವೆ’ ಎಂಬುದರ ಬೆಲೆಯೇನೆಂದು ತಿಳಿಯಲು ಗಾಟ್ಲೀಬ್ ಹ್ಯಾಬರ್ಲಾಂಟ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿಯ ಕಥೆಯನ್ನು ನೋಡಬೇಕು. 1902ರಲ್ಲಿ ಆತ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ. ಸಸ್ಯದ ಬಿಡಿ ಕೋಶವೊಂದನ್ನು ಪೋಷಕ ದ್ರವದಲ್ಲಿ ಬದುಕಿಸಬಹುದು, ಅದರಿಂದ ಮುಂದೆ ಭ್ರೂಣವನ್ನೂ ಪಡೆಯಬಹುದು ಎಂಬುದು ಅವನ ನಂಬಿಕೆ. ಪ್ರಯೋಗಕ್ಕೆ ಆತ ಆರಿಸಿಕೊಂಡದ್ದು ಎಲೆಯ ಕೋಶಗಳನ್ನೇ. ತುಂಬೆ, ತುಳಸಿಗಳ ಕುಲಕ್ಕೆ ಸೇರಿದ ಲೇಮಿಯಂ ಎಂಬ ಗಿಡದ್ದು. ಕೋಶಗಳು ವಾರಗಟ್ಟಲೆ ಬದುಕಿದವು, ಹಿಗ್ಗಿದವು, ಪಿಷ್ಟವನ್ನೂ ಕೂಡಿಸಿಕೊಂಡವು. ಆದರೆ ಒಂದೇ ಒಂದು ಕೋಶವೂ ಎರಡಾಗಲಿಲ್ಲ. ಹೊರಗಿನಿಂದ ನೋಡಿದವರು ಏನೆನ್ನಬಹುದಿತ್ತು? ಎಲೆಯ ಕೋಶಕ್ಕೆ ಆ ಶಕ್ತಿಯಿಲ್ಲವೆನ್ನಬಹುದಿತ್ತು. ಹ್ಯಾಬರ್ಲಾಂಟ್ ಹಾಗೆನ್ನಲಿಲ್ಲ. ತಾನು ಕೊಟ್ಟ ಆಹಾರದಲ್ಲಿ ಏನೋ ಕೊರತೆಯಿದೆಯೆಂದು ಭಾವಿಸಿ, ಕೋಶವಿಭಜನೆಯನ್ನು ಪ್ರೇರಿಸುವ ವಸ್ತುಗಳು ಸಸ್ಯದೊಳಗೆ ಇರಬೇಕೆಂದು ಮುಂದೆ ಅವುಗಳ ಬೆನ್ನು ಹತ್ತಿದ. ಆತ ತೀರಿಕೊಂಡದ್ದು 1945ರಲ್ಲಿ. ಸೈಟೊಕೈನಿನ್ ವರ್ಗದ ಮೊದಲ ವಸ್ತುವಾದ ಕೈನೆಟಿನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೊರೆತದ್ದು 1955ರಲ್ಲಿ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದ ಮೇಲೆ ಪ್ರಯೋಗ ಮಾಡಿ, ಆಕ್ಸಿನ್ ಹೆಚ್ಚಾದರೆ ಬೇರು, ಕೈನೆಟಿನ್ ಹೆಚ್ಚಾದರೆ ಚಿಗುರು, ಎರಡೂ ಸಮತೂಕದಲ್ಲಿದ್ದರೆ ರೂಪವಿಲ್ಲದ ಮುದ್ದೆ ಬರುತ್ತದೆಂದು ತೋರಿಸಿದರು. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವರ್ಡ್ ಗಜ್ಜರಿಯ ಕೋಶಗಳಿಂದ ಭ್ರೂಣಗಳನ್ನು ಪಡೆದುದನ್ನು ಪ್ರಕಟಿಸಿದ. 1964ರಲ್ಲಿ ನಮ್ಮ ದಿಲ್ಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಸತೀಶ ಮಾಹೇಶ್ವರಿಯವರು ದತ್ತೂರಿಯ ಪರಾಗಕೋಶವನ್ನು ಕೃಷಿ ಮಾಡಿ, ಪರಾಗದ ಕಣದಿಂದಲೇ ಭ್ರೂಣ ಬರುವುದನ್ನು ಜಗತ್ತಿಗೆ ತೋರಿಸಿದರು. ಹ್ಯಾಬರ್ಲಾಂಟನ ಎಲೆಕೋಶ ಸೋತಿತ್ತು. ಅವನ ಮಾತು ಸೋಲಲಿಲ್ಲ.

ಹಣ್ಣಿನ ಗಿಡಗಳ ಎಲೆಯಿಂದ ಚಿಗುರು ಪಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ವಿವರದಲ್ಲಿಯೇ ಅರ್ಥವಿದೆ. ಎಲೆಯನ್ನು ಸಾಮಾನ್ಯವಾಗಿ ತೋಟದ ಮರದಿಂದ ನೇರವಾಗಿ ತರುವುದಿಲ್ಲ. ಬಾಟಲಿಯಲ್ಲಿಯೇ ಮೊದಲು ಬೆಳೆಸಿಕೊಂಡ ಕುಡಿಗಳ ತುದಿಯ ಎಳೆಯ ಎಲೆಗಳನ್ನು ಆರಿಸುತ್ತಾರೆ. ಬಲಿತ ಎಲೆ ಒಲಿಯುವುದು ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಇಲ್ಲೊಂದು ಸಾಕ್ಷಿ. ಎಲೆಯ ನಡುನರಕ್ಕೆ ಅಡ್ಡಲಾಗಿ ಅಲಗಿನಿಂದ ಗೀರು ಹಾಕುತ್ತಾರೆ, ಏಕೆಂದರೆ ಚಿಗುರು ಮೂಡುವುದು ಗಾಯದ ಬಳಿ. ಪೋಷಕ ದ್ರವದಲ್ಲಿ ಲವಣಗಳು, ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಜೀವಸತ್ವಗಳು, ಅದನ್ನು ಹೆಪ್ಪುಗಟ್ಟಿಸಲು ಕಡಲಪಾಚಿಯ ಅಗಾರ್. ಎಲ್ಲವನ್ನೂ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಿಸಿ ನಿರ್ಜೀವಗೊಳಿಸಿರಬೇಕು. ಗಾಳಿಯ ಒಂದು ಬೂಷ್ಟಿನ ಕಣ ಒಳಹೊಕ್ಕರೆ ಅಷ್ಟೂ ಶ್ರಮ ಮಣ್ಣು. ಪ್ರೇರಕವಾಗಿ ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ವಸ್ತುಗಳಲ್ಲಿ ಥಿಡಿಯಾಜುರಾನ್ ಮುಖ್ಯವಾದುದು. ಇದು ಮೊದಲು ಬಂದದ್ದು ಹತ್ತಿಯ ಹೊಲಕ್ಕೆ: ಯಂತ್ರದಿಂದ ಹತ್ತಿ ಬಿಡಿಸುವ ದೇಶಗಳಲ್ಲಿ ಗಿಡದ ಎಲೆಗಳನ್ನು ಉದುರಿಸಲು ಸಿಂಪಡಿಸುವ ಔಷಧ. ಹೊಲದಲ್ಲಿ ಎಲೆಯನ್ನು ಉದುರಿಸುವ ಅದೇ ವಸ್ತು ಬಾಟಲಿಯಲ್ಲಿ ಎಲೆಯಿಂದ ಗಿಡವನ್ನು ಎಬ್ಬಿಸುತ್ತದೆ. ಒಳ್ಳೆಯ ವಸ್ತು, ಕೆಟ್ಟ ವಸ್ತು ಎಂದು ಹೆಸರಿಡಲು ಆತುರಪಡುವವರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಕತ್ತಲೆಯ ವಿಷಯ. ಬೆಳಕೇ ಎಲೆಯ ಕಸುಬು. ಆದರೆ ಸೇಬಿನ ಎಲೆಯಿಂದ ಚಿಗುರು ಬೇಕಾದರೆ ಮೊದಲ ಎರಡು ಮೂರು ವಾರ ಅದನ್ನು ಕತ್ತಲೆಯಲ್ಲಿಡುವುದೇ ಒಳಿತೆಂದು ಕಂಡುಬಂದಿದೆ. ಆ ವಾರಗಳಲ್ಲಿ ಹೊರಗೆ ಹೇಳಿಕೊಳ್ಳುವಂಥದ್ದೇನೂ ಕಾಣದು. ಎಲೆ ಮುರುಟುತ್ತದೆ, ಬಿಳಿಚಿಕೊಳ್ಳುತ್ತದೆ. ಪರೀಕ್ಷಕನೊಬ್ಬ ಆ ಸಮಯದಲ್ಲಿ ಬಂದು ಅಂಕ ಕೊಡುವುದಾದರೆ ಸೊನ್ನೆಯನ್ನೇ ಕೊಟ್ಟಾನು.

ಈಗ ನೀತಿಯ ಪ್ರಶ್ನೆಗೆ ಬರೋಣ. ಪ್ರಯೋಗಶಾಲೆಯಲ್ಲಿ ಸುಲಭವಾಗಿ ಚಿಗುರದ ತಳಿಗಳಿಗೆ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ‘ರಿಕ್ಯಾಲ್ಸಿಟ್ರಂಟ್’ ಎಂಬ ಹೆಸರಿಟ್ಟಿದ್ದಾರೆ. ಮೂಲ ಲ್ಯಾಟಿನ್ನಿನಲ್ಲಿ ಅದರ ಅರ್ಥ ಹಿಂಗಾಲಿನಿಂದ ಒದೆಯುವುದು. ಹತ್ತಿರ ಹೋದವರನ್ನು ಒದೆಯುವ ಹೇಸರಗತ್ತೆಯ ಗುಣ. ನಮ್ಮ ಮಾತಿನಲ್ಲಿ ಮೊಂಡ, ಹಟಮಾರಿ ಎನ್ನಬಹುದು. ಮಾವಿಗೆ ಈ ಬಿರುದು ಬಹಳ ಹಿಂದಿನಿಂದಲೂ ಇದೆ. ದಾಳಿಂಬೆಯೂ ಅಷ್ಟು ಸುಲಭದ್ದಲ್ಲ. ಕಾರಣವನ್ನು ನೋಡಿ: ಕೊಯ್ದ ಕೂಡಲೇ ಇವುಗಳ ಅಂಗಾಂಶದಿಂದ ಒಗರು ವಸ್ತುಗಳು ಸ್ರವಿಸಿ, ಗಾಳಿ ತಗುಲಿ ಕಪ್ಪಾಗುತ್ತವೆ. ಬದನೆಕಾಯಿ ಹೆಚ್ಚಿಟ್ಟಾಗ ನಾವು ಅಡುಗೆಮನೆಯಲ್ಲಿ ಕಾಣುವುದೇ ಇದು. ಗಿಡಕ್ಕೆ ಅದು ಆತ್ಮರಕ್ಷಣೆ. ಗಾಯದ ಮೂಲಕ ಒಳನುಗ್ಗುವ ರೋಗಾಣುಗಳ ವಿರುದ್ಧ ಹೂಡಿದ ಆಯುಧ. ಮುಚ್ಚಿದ ಬಾಟಲಿಯಲ್ಲಿ ಮಾತ್ರ ಆ ಆಯುಧವೇ ತಿರುಗಿ ಅದನ್ನು ಕೊಲ್ಲುತ್ತದೆ. ಬಲ್ಲವರು ಏನು ಮಾಡುತ್ತಾರೆ? ದ್ರವಕ್ಕೆ ಇದ್ದಿಲಿನ ಪುಡಿ ಬೆರೆಸುತ್ತಾರೆ, ‘ಸಿ’ ಜೀವಸತ್ವ ಸೇರಿಸುತ್ತಾರೆ, ಕಪ್ಪಾಗುವ ಮೊದಲೇ ತುಂಡನ್ನು ಎತ್ತಿ ಹೊಸ ಬಾಟಲಿಗೆ ಮತ್ತೆ ಮತ್ತೆ ವರ್ಗಾಯಿಸುತ್ತಾರೆ. ‘ಮೊಂಡ’ ಎಂಬ ಪದ ಗಿಡದ ಮೇಲೆ ಹೊರಿಸಿದ ಅಪವಾದ. ಅದು ವಾಸ್ತವವಾಗಿ ಸೂಚಿಸುವುದು ಈ ಗಿಡಕ್ಕೆ ಏನು ಬೇಕೆಂಬುದು ನಮಗೆ ಇನ್ನೂ ತಿಳಿದಿಲ್ಲವೆಂಬುದನ್ನು.

ಉಪಾಧ್ಯಾಯರ ಕೊಠಡಿಗಳಲ್ಲಿ ದಶಕಗಳ ಕಾಲ ಕುಳಿತವರಿಗೆ ಈ ಬಗೆಯ ಅಪವಾದದ ಭಾಷೆ ಚೆನ್ನಾಗಿ ಗೊತ್ತು. ‘ಇವ್ನ ತಲ್ಯಾಗ ಏನೂ ಹೋಗೂದಿಲ್ರೀ’ ಎಂಬ ತೀರ್ಪು ನಮ್ಮ ಭಾಗದ ಯಾವ ಶಾಲೆಯಲ್ಲಿ ಕೇಳಿಬಂದಿಲ್ಲ? ಬೆಳೆಯುವ ಪೈರು ಮೊಳಕೆಯಲ್ಲೇ ಎಂಬ ಗಾದೆಯೂ ಅದಕ್ಕೆ ಬೆಂಬಲ ಕೊಡುತ್ತದೆ. ಆ ಗಾದೆ ಸಾಂಖ್ಯರ ಎಳ್ಳೆಣ್ಣೆಯ ವಾದದ ಮನೆಮಾತಿನ ರೂಪ. ಅದರಲ್ಲಿ ಅಪಾಯವೊಂದಿದೆ. ಎಣ್ಣೆ ಬಾರದಾಗ ಇದು ಮರಳೇ ಇರಬೇಕೆಂದು ನಿರ್ಧರಿಸುವುದು ಬಹಳ ಸುಲಭ. ಗಾಣ ಕೆಟ್ಟಿದೆಯೇ ಎಂದು ನೋಡುವುದು ಶ್ರಮದ ಕೆಲಸ. ಸಾಮರ್ಥ್ಯವೆಲ್ಲ ಒಳಗೇ ಇದೆಯೆಂಬ ಸಿದ್ಧಾಂತ ಮೇಲ್ನೋಟಕ್ಕೆ ಶಿಷ್ಯನಿಗೆ ಗೌರವ ಕೊಟ್ಟಂತೆ ಕಾಣುತ್ತದೆ. ಒಳಗಿನದು ಹೊರಬಾರದಿದ್ದಾಗ ಅದೇ ಸಿದ್ಧಾಂತ ಸೋಲಿನ ಹೊರೆಯನ್ನೂ ಶಿಷ್ಯನ ತಲೆಗೇ ಕಟ್ಟುತ್ತದೆ. ಕುಂಬಾರನನ್ನು ಲೆಕ್ಕಕ್ಕೆ ತಂದ ನೈಯಾಯಿಕರು ಈ ವಿಷಯದಲ್ಲಿ ಹೆಚ್ಚು ನ್ಯಾಯವಂತರೆಂದು ನನಗೆ ತೋರುತ್ತದೆ.

ಇದಕ್ಕೆ ಆಕ್ಷೇಪವೂ ಉಂಟು. ಎಲ್ಲ ದೋಷವೂ ಬಾಟಲಿಯದೇ ಎಂದರೆ ತಳಿಗಳ ನಡುವೆ ವ್ಯತ್ಯಾಸವೇ ಇಲ್ಲವೆ? ಇದೆ. ಸೇಬಿನಲ್ಲಿ ‘ಗಾಲಾ’ ಬಳಗದ ತಳಿಗಳ ಎಲೆ ಧಾರಾಳವಾಗಿ ಚಿಗುರುತ್ತದೆ. ಅದೇ ದ್ರವ, ಅದೇ ಕತ್ತಲೆಯಲ್ಲಿ ಬೇರೆ ತಳಿಗಳ ಎಲೆ ಕಂದಿಹೋಗುತ್ತದೆ. ನಾನು ಅದನ್ನು ಅಲ್ಲಗಳೆಯುತ್ತಿಲ್ಲ. ಈ ವ್ಯತ್ಯಾಸದಿಂದ ಏನನ್ನು ತೀರ್ಮಾನಿಸುತ್ತೇವೆಂಬುದು ಪ್ರಶ್ನೆ. ಎಲ್ಲ ಎಲೆಗಳಿಗೂ ಒಂದೇ ದ್ರವವನ್ನು ಕೊಟ್ಟೆವು, ಆದ್ದರಿಂದ ನಾವು ಸಮಾನತೆಯನ್ನು ಪಾಲಿಸಿದೆವು ಎನ್ನುವವರು ಗಾಲಾದ ಅಳತೆಗೆ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಿದ್ದಾರೆ. ಇನ್ನು, ಮರಳು ಎಂಬುದೂ ಲೋಕದಲ್ಲಿದೆ. ಸತ್ತ ಎಲೆಯಿಂದ ಯಾರೂ ಗಿಡ ಎಬ್ಬಿಸಲಾರರು. ಆದರೆ ಇದು ಮರಳೆಂದು ಸಾಧಿಸುವ ಹೊಣೆ ಗಾಣದವನದು. ಎಳ್ಳು ತಾನು ಎಳ್ಳೆಂದು ಸಾಧಿಸಿಕೊಳ್ಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಎಲೆಯು ಮರವಾಗಬೇಕೆಂದು ಹೇಳಿದವರಾರು? ಚಿಗುರಾಗುವ ಮುನ್ನ ಕೋಶವು ತನ್ನ ಎಲೆತನವನ್ನು ಬಿಡಬೇಕು; ಕಲಿತುದನ್ನು ಮರೆತು ಮತ್ತೆ ಎಳೆಯದಾಗಬೇಕು. ಅದಕ್ಕಾಗಿ ನಾವು ಅದನ್ನು ತಾಯಿಗಿಡದಿಂದ ಕತ್ತರಿಸಿ, ಗಾಯಗೊಳಿಸಿ, ಕತ್ತಲೆಯಲ್ಲಿಟ್ಟು, ಪ್ರೇರಕ ಕುಡಿಸುತ್ತೇವೆ. ಸಸ್ಯಕ್ಕೆ ನಮ್ಮಂತೆ ನೋವಾಗುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ‘ಸುಪ್ತಶಕ್ತಿಯನ್ನು ಹೊರತೆಗೆಯುವುದು’ ಎಂಬ ಮಾತು ಇಂದು ಮಕ್ಕಳ ವಿಷಯದಲ್ಲಿ ಎಷ್ಟು ಧಾರಾಳವಾಗಿ ಬಳಕೆಯಾಗುತ್ತಿದೆ! ಹತ್ತನೆಯ ತರಗತಿ ಮುಗಿಯುವ ಮೊದಲೇ ಊರು ಬಿಡಿಸಿ, ಕೋಚಿಂಗ್ ಕೇಂದ್ರಗಳ ಕೊಠಡಿಗಳಲ್ಲಿ ಕೂಡಿಹಾಕಿ, ಎಲ್ಲರೂ ವೈದ್ಯರೋ ಎಂಜಿನಿಯರರೋ ಆಗಲೇಬೇಕೆನ್ನುವ ತಂದೆತಾಯಿಗಳಿಗೂ ಇದೇ ಮಾತು ಆಧಾರ. ಶಕ್ತಿಯಿದೆ ಎಂಬುದರಿಂದ ಅದನ್ನು ಹೊರತೆಗೆಯಲೇಬೇಕೆಂಬುದು ಸಿದ್ಧವಾಗುವುದಿಲ್ಲ. ಮರವೊಂದರ ಸಾವಿರಾರು ಎಲೆಗಳೂ ಮರವಾಗಬಲ್ಲವು. ಅವೆಲ್ಲ ಎಲೆಯಾಗಿಯೇ ಉಳಿದು ಬಿಸಿಲು ಹಿಡಿದುದರಿಂದ ಮರ ಬದುಕಿದೆ. ಎಲೆಯಾಗಿ ಬಾಳಿ ಉದುರಿದ ಎಲೆಯನ್ನು ಮರವಾಗಲು ಸೋತ ಎಲೆಯೆಂದು ಯಾರಾದರೂ ಕರೆದರೆ ಅವರಿಗೆ ಎಲೆಯೂ ತಿಳಿಯದು, ಮರವೂ ತಿಳಿಯದು.

ಹಾಗೆ ಹೊರತೆಗೆದ ಗಿಡ ತಾಯಿಗಿಡವೇ ಆಗಿರುತ್ತದೆಯೇ ಎಂಬ ಸಂದೇಹಕ್ಕೂ ಇಲ್ಲಿ ಎಡೆಯಿದೆ. 1981ರಲ್ಲಿ ಆಸ್ಟ್ರೇಲಿಯದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಎಂಬ ವಿಜ್ಞಾನಿಗಳು ಅಂಗಾಂಶ ಕೃಷಿಯಲ್ಲಿ ಹುಟ್ಟಿದ ಗಿಡಗಳಲ್ಲಿ ಕಾಣುವ ಅನಿರೀಕ್ಷಿತ ವ್ಯತ್ಯಾಸಗಳಿಗೆ ಹೆಸರೊಂದನ್ನು ಕೊಟ್ಟು, ಅದನ್ನು ಚರ್ಚೆಗೆ ತಂದರು. ಮೊಗ್ಗಿನಿಂದ ನೇರವಾಗಿ ಬೆಳೆಸಿದಾಗ ವ್ಯತ್ಯಾಸ ಕಡಿಮೆ. ರೂಪವಿಲ್ಲದ ಮುದ್ದೆಯ ಸ್ಥಿತಿಯನ್ನು ಹಾದುಬಂದ ಗಿಡಗಳಲ್ಲಿ ಹೆಚ್ಚು. ಸಸಿ ಮಾರುವವರು ಎಲೆಯ ದಾರಿಯನ್ನು ಬಿಟ್ಟು ಕಣ್ಣಿನ ದಾರಿಯನ್ನೇ ಹಿಡಿಯುವುದಕ್ಕೆ ಇದು ದೊಡ್ಡ ಕಾರಣ. ಎಲೆಯ ದಾರಿ ಹೆಚ್ಚಾಗಿ ಬೇಕಾಗುವುದು ವಂಶವಾಹಿಯನ್ನು ತಿದ್ದುವ ಸಂಶೋಧಕರಿಗೆ. ಕೊಯ್ದರೂ ಕಂದಾಗದ ಕೆನಡಾದ ‘ಆರ್ಕ್ಟಿಕ್’ ಸೇಬು ಹುಟ್ಟಿದ್ದು ಹೀಗೆ ಎಲೆಯ ತುಂಡಿನಿಂದಲೇ. ರೈತನಿಗೆ ಮಾತ್ರ ಬೇಕಾದುದು ವಿಶ್ವಾಸ. ಗಿಡ ನೆಟ್ಟು, ಎರಡು ಮೂರು ವರ್ಷ ನೀರುಣಿಸಿ, ಕಾಯಿ ಬಿಟ್ಟಾಗ ಅದು ‘ಭಗವಾ’ ಅಲ್ಲವೆಂದು ತಿಳಿದರೆ ಅವನ ವರ್ಷಗಳನ್ನು ಹಿಂದಿರುಗಿಸುವವರಾರು? ಮತ್ತೊಂದು ಕಡೆ, ಎಲ್ಲವೂ ಒಂದೇ ಆಗಿರುವುದೂ ನಿಶ್ಚಿಂತೆಯ ಸಂಗತಿಯಲ್ಲ. ಒಂದೇ ತಳಿ ಹರಡಿದ ತೋಟಗಳಲ್ಲಿ ‘ತೇಲ್ಯಾ’ ಎಂದು ನಮ್ಮವರು ಕರೆಯುವ ದುಂಡಾಣು ಅಂಗಮಾರಿ ಹೊಕ್ಕಾಗ ಒಂದು ಗಿಡಕ್ಕೆ ತಡೆಯಲಾಗದ್ದನ್ನು ಪಕ್ಕದ ಗಿಡವೂ ತಡೆಯಲಾರದು. ರೋಗಿಷ್ಠ ಗಿಡಕ್ಕೆ ಗೂಟಿ ಕಟ್ಟಿ ತೆಗೆದ ಸಸಿ ರೋಗವನ್ನೂ ಹೊತ್ತು ತರುತ್ತದೆಂಬ ಕಾರಣಕ್ಕೇ ಪ್ರಯೋಗಶಾಲೆಯ ಸಸಿಗೆ ಬೇಡಿಕೆ ಬಂದದ್ದು. ಶುದ್ಧವಾಗಿ ಬಂದ ಸಸಿಗೂ ತೇಲ್ಯಾವನ್ನು ಎದುರಿಸುವ ಹೊಸ ಶಕ್ತಿಯೇನೂ ಬಂದಿರುವುದಿಲ್ಲ, ಏಕೆಂದರೆ ಅದು ತಾಯಿಯೇ.

ಬೌದ್ಧರ ಮಿಲಿಂದಪಞ್ಹದಲ್ಲಿ ಮಾವಿನ ಕಳ್ಳನೊಬ್ಬನ ದೃಷ್ಟಾಂತವಿದೆ. ಈತ ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ, ಆದ್ದರಿಂದ ನಾನು ಅಪರಾಧಿಯಲ್ಲ ಎಂಬುದು ಅವನ ವಾದ. ಕದ್ದ ಹಣ್ಣು ನೆಟ್ಟ ಹಣ್ಣಿನ ಕಾರಣದಿಂದಲೇ ಬಂದುದಾದ್ದರಿಂದ ಹೊಣೆ ತಪ್ಪದು ಎಂಬುದು ನಾಗಸೇನನ ತಾತ್ಪರ್ಯ. ಅದೇ ಗಿಡವೆನ್ನಬೇಡಿ, ಬೇರೆಯದೆಂದೂ ಎನ್ನಬೇಡಿ. ಮೊದಲಿನದರಿಂದ ಇದು ಬಂದಿತೆನ್ನಿ, ಹೊಣೆಗೆ ಅಷ್ಟು ಸಾಕು. ಇಂಗ್ಲೆಂಡಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಎದ್ದ ಸೇಬಿನ ಮರ ‘ಬ್ರಾಮ್ಲಿ’ ತಳಿಯ ಮೂಲ. ಹೆಸರು ಮಾತ್ರ ಆಮೇಲೆ ಆ ಮನೆಯನ್ನು ಕೊಂಡ ಮಾಂಸದಂಗಡಿಯವನದು. 1900ರಲ್ಲಿ ಬಿರುಗಾಳಿಗೆ ಬಿದ್ದು ಮತ್ತೆ ಚಿಗುರಿದ ಆ ಮುದಿಮರಕ್ಕೆ ಶಿಲೀಂಧ್ರ ಹತ್ತಿದಾಗ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅದರ ಅಂಗಾಂಶದಿಂದ ಮರಿಗಿಡಗಳನ್ನು ಬೆಳೆಸಿದರು. ಅವರನ್ನು ಕೆಲಸಕ್ಕೆ ಹಚ್ಚಿದ್ದು ಅದೇ ಮರವೋ ಬೇರೆಯೋ ಎಂಬ ತರ್ಕವಲ್ಲ, ಋಣದ ಭಾವನೆ ಎಂದು ನಾನು ಊಹಿಸುತ್ತೇನೆ.

ಗಡಿಯ ಕನ್ನಡಿಗರ ಸಮ್ಮೇಳನಗಳ ವೇದಿಕೆಯಿಂದ ನಮ್ಮನ್ನು ‘ಮರದಿಂದ ಬೇರ್ಪಟ್ಟ ಎಲೆ’ ಎಂದು ಕರುಣೆಯಿಂದ ವರ್ಣಿಸುವುದುಂಟು. ಹೋಲಿಕೆ ನನಗೆ ಹಿಡಿಸುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ನೆಲದಲ್ಲಿ ಕುಳಿತು ನಾವು ಯಾವ ಮರದಿಂದ ಉದುರಿದವರು? 1956ರಲ್ಲಿ ಗೆರೆ ಎಳೆದರು. ನಾವು ಎಲ್ಲಿಯೂ ಹೋಗಲಿಲ್ಲ. ಆದರೆ ‘ಮೊಂಡ’ ಎಂಬ ಅಪವಾದದ ವಿಷಯ ಮಾತ್ರ ನಮಗೂ ಸಲ್ಲುತ್ತದೆ. ನಮ್ಮ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದಾಗ ‘ಕಲಿಯಲು ಅವರಿಗೇ ಮನಸ್ಸಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಶಿಕ್ಷಕರ ಹುದ್ದೆ ಖಾಲಿಯಿದ್ದುದನ್ನು, ಪಠ್ಯಪುಸ್ತಕ ತಡವಾಗಿ ಬಂದುದನ್ನು, ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿದವನಿಗೆ ಮುಂದೆ ಯಾವ ಬಾಗಿಲು ತೆರೆದಿದೆಯೆಂಬುದನ್ನು ಮೊದಲು ಲೆಕ್ಕಕ್ಕೆ ಹಿಡಿದು, ಆಮೇಲೆ ಮನಸ್ಸಿನ ಮಾತನ್ನಾಡಬೇಕು.

ಆ ಬಾಗಿಲಿನ ವಿಷಯದಲ್ಲಿ ಬಾಟಲಿಯ ಗಿಡದಿಂದ ಕಲಿಯಬೇಕಾದುದು ಇನ್ನೂ ಒಂದಿದೆ. ಚಿಗುರು ಬಂದು ಬೇರು ಬಿಟ್ಟರೂ ಕೆಲಸ ಮುಗಿಯುವುದಿಲ್ಲ. ಬಾಟಲಿಯ ತೇವದಲ್ಲಿ ಬೆಳೆದ ಎಲೆಯ ಮೇಲೆ ಮೇಣದ ಪದರ ತೀರ ತೆಳು. ಅದರ ಉಸಿರುರಂಧ್ರಗಳಿಗೆ ಮುಚ್ಚಿಕೊಳ್ಳಲು ಬರುವುದಿಲ್ಲ. ಅದನ್ನು ಏಕಾಏಕಿ ಸೊಲ್ಲಾಪುರದ ಬಿಸಿಲಿಗೆ ತಂದರೆ ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ. ಹಳ್ಳಿಯ ಕನ್ನಡ ಶಾಲೆಯಿಂದ ನೇರವಾಗಿ ನಗರದ ಮರಾಠಿ, ಇಂಗ್ಲಿಷ್ ಕಾಲೇಜಿನ ಬೆಂಚಿಗೆ ಬಂದು ಮೊದಲ ಪರೀಕ್ಷೆಯೊಳಗೇ ಊರಿಗೆ ಮರಳುವ ಹುಡುಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿ ಬೆಳೆಸುವವರು ಹಾಗೆ ಮಾಡುವುದಿಲ್ಲ. ಬೇರಿಗೆ ಅಂಟಿದ ಅಗಾರನ್ನು ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಪುಟ್ಟ ಕುಳಿಗಳಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಒಳಗೆ ಮಂಜಿನಂತೆ ನೀರು ಸಿಂಪಡಿಸುತ್ತಾರೆ. ಕೆಲವು ದಿನಗಳ ಮೇಲೆ ಹೊದಿಕೆಯ ಒಂದು ಅಂಚನ್ನು ಸ್ವಲ್ಪ ಹೊತ್ತು ಎತ್ತುತ್ತಾರೆ. ಮಾರನೆಯ ದಿನ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಬಾಟಲಿಯಿಂದ ತಂದ ಹಳೆಯ ಎಲೆಗಳು ಬಹುಮಟ್ಟಿಗೆ ಬಾಡಿ ಉದುರುತ್ತವೆ. ಅದನ್ನು ಕಂಡು ಯಾರೂ ಸಸಿಯನ್ನು ಕಿತ್ತೆಸೆಯುವುದಿಲ್ಲ. ಹೊದಿಕೆಯ ಕೆಳಗೆ ಮೂಡುವ ಹೊಸ ಎಲೆಗಾಗಿ ಕಾಯುತ್ತಾರೆ. ಅದರ ಮೇಲೆ ಬೆರಳಾಡಿಸಿದರೆ ಮೇಣದ ನುಣುಪು ತಿಳಿಯುತ್ತದೆ, ಆಗ ಹೊದಿಕೆಯನ್ನು ಪೂರ್ತಿ ತೆಗೆದು ಸಸಿಯನ್ನು ನೆರಳುಪರದೆಯ ಕೆಳಗೆ ಸಾಗಿಸುತ್ತಾರೆ.